ಹವಾಯಿಯ ಬೆಳ್ಳುಳ್ಳಿ ಸಿಗಡಿ: ಒಂದಕ್ಕೆ ಸಣ್ಣ ಉರಿ, ಇನ್ನೊಂದಕ್ಕೆ ದೊಡ್ಡ ಉರಿ

ಹವಾಯಿಯ ಬೆಳ್ಳುಳ್ಳಿ ಸಿಗಡಿ ಮಾಡಬೇಕು ಅಂದರೆ ಮೊದಲು ಮಸಾಲೆ ಡಬ್ಬಿಯನ್ನು ಎತ್ತಿ ಒಳಗಿಡಿ. ಶುಂಠಿ ಬೇಡ, ಅರಿಶಿನ ಬೇಡ, ಕೊತ್ತಂಬರಿ ಪುಡಿ ಬೇಡ, ಕರಿಬೇವೂ ಬೇಡ. ಬೆಳ್ಳುಳ್ಳಿ, ಬೆಣ್ಣೆ, ಸಿಗಡಿ, ನಿಂಬೆಹಣ್ಣು, ಸ್ವಲ್ಪ ಮೈದಾ, ಸ್ವಲ್ಪ ಮೆಣಸಿನ ಪುಡಿ. ಅಷ್ಟೇ. ಸಾಮಾನು ಕಡಿಮೆ ಇರುವ ಅಡುಗೆ ಸುಲಭ ಅಂತ ತಿಳಿಯಬೇಡಿ. ಬೆಳ್ಳುಳ್ಳಿ ಸೀದರೆ ಅದನ್ನು ಮುಚ್ಚಿಹಾಕಲು ಇಲ್ಲಿ ತೆಂಗಿನಕಾಯಿ ಇಲ್ಲ, ಹುಣಸೆಹುಳಿ ಇಲ್ಲ.

ಇದು ಒವಾಹು ದ್ವೀಪದ ಉತ್ತರ ದಂಡೆಯ ತಿನಿಸು. ಅಲ್ಲಿ ಕಹುಕು ಅಂತ ಒಂದು ಸಣ್ಣ ಊರು. ಅಲ್ಲಿದ್ದ ಸಕ್ಕರೆ ಕಾರ್ಖಾನೆ 1971ರಲ್ಲಿ ಮುಚ್ಚಿತು. ಆಮೇಲೆ ಆ ಕಡೆ ಸಿಗಡಿ ಸಾಕುವ ಕೊಳಗಳು ಬಂದವು, ರಸ್ತೆ ಬದಿಯಲ್ಲಿ ಸಿಗಡಿ ಹುರಿದು ಕೊಡುವ ಟ್ರಕ್ಕುಗಳೂ ಬಂದವು. 1993ರಲ್ಲಿ ಶುರುವಾದ ಜಿಯೋವಾನಿಸ್ ಎಂಬ ಬಿಳಿ ಟ್ರಕ್ಕಿಗೆ ದೊಡ್ಡ ಹೆಸರು. ತಿಂದು ಹೋದವರು ಅದರ ಮೈತುಂಬ ಸಹಿ ಹಾಕಿಟ್ಟಿದ್ದಾರೆ. ಕಾಗದದ ತಟ್ಟೆಯಲ್ಲಿ ಎರಡು ಉಂಡೆ ಅನ್ನ, ಪಕ್ಕದಲ್ಲಿ ಸಿಪ್ಪೆ ಸಮೇತ ಸಿಗಡಿ, ಎಲ್ಲದರ ಮೇಲೆ ಬೆಳ್ಳುಳ್ಳಿ ಬೆಣ್ಣೆ, ಒಂದು ಹೋಳು ನಿಂಬೆ. ತಿನ್ನುವುದು ಕೈಯಲ್ಲೇ.

ಅಷ್ಟು ದೂರದ ಊರಾದರೂ ನಮಗೊಂದು ನಂಟಿದೆ. ಈಗ ನಮ್ಮ ಪೇಟೆಗೆ ಬರುವ ಸಾಕಿದ ಸಿಗಡಿಯಲ್ಲಿ ಜಾಸ್ತಿ ವನಾಮಿ ಜಾತಿಯದು. ಇದನ್ನು ಸಾಕಲು ಭಾರತ ಒಪ್ಪಿಗೆ ಕೊಟ್ಟದ್ದು 2009ರಲ್ಲಿ. ಮರಿ ಮಾಡಿಸಲು ಬೇಕಾದ ರೋಗವಿಲ್ಲದ ತಾಯಿ ಸಿಗಡಿಗಳು ಹವಾಯಿಯಿಂದಲೂ ಬಂದಿವೆ. ಹಾಗಾಗಿ ಸಮುದ್ರದ ಸಿಗಡಿಯೇ ಬೇಕು ಅಂತ ಹಟ ಹಿಡಿಯಬೇಡಿ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲಿರುವಾಗ ಸಾಕಿದ್ದೇ ಗತಿ, ಈ ಅಡುಗೆಗೆ ಅದು ಚೆನ್ನಾಗಿಯೇ ಆಗುತ್ತದೆ. ಗಾತ್ರ ನೋಡಿ ಕೊಳ್ಳಿ. ಕಿಲೋಗೆ 30ರಿಂದ 40 ಬರುವಂಥದ್ದು ಸಾಕು. ಚಟ್ನಿಗೆ ಹಾಕುವ ಪುಟ್ಟ ಸಿಗಡಿ ಇಲ್ಲಿ ನಡೆಯುವುದಿಲ್ಲ. ಮೂಗಿಗೆ ಚುರುಕ್ಕೆನ್ನುವ ಅಮೋನಿಯಾ ವಾಸನೆ ಬಂದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಫ್ರೀಜರಿನದಾದರೆ ತಣ್ಣೀರಿನಲ್ಲಿಟ್ಟು ಬಿಡಿಸಿ, ಬಿಸಿನೀರು ಮುಟ್ಟಿಸಬೇಡಿ.

ಸಿಪ್ಪೆ ಸುಲಿಯಬೇಡಿ. ಇದನ್ನು ಹೇಳಿದರೆ ನಮ್ಮವರಿಗೆ ಸಮಾಧಾನವಾಗುವುದಿಲ್ಲ, ಸುಲಿದು ತೊಳೆದು ಬೆಳ್ಳಗೆ ಮಾಡಿದರೇ ಶುದ್ಧ ಅನ್ನಿಸುತ್ತದೆ. ಆದರೆ ಸಿಗಡಿಯ ರುಚಿ ಸಿಪ್ಪೆಯಲ್ಲೂ ಇದೆ. ದೊಡ್ಡ ಉರಿಯಲ್ಲಿ ಒಳಗಿನ ಮಾಂಸ ಗಟ್ಟಿಯಾಗದಂತೆ ಕಾಯುವುದೂ ಅದೇ. ತಲೆ ತೆಗೆಯಿರಿ, ಕಾಲು ಕತ್ತರಿಸಿ. ಅಡುಗೆಮನೆಯ ಕತ್ತರಿಯಿಂದ ಬೆನ್ನಿನ ಉದ್ದಕ್ಕೂ ಸಿಪ್ಪೆಯನ್ನು ಸೀಳಿ, ಒಳಗಿನ ಕಪ್ಪು ನರ ಎಳೆದು ಬಿಸಾಡಿ. ಆ ಸೀಳಿನಲ್ಲಿಯೇ ಆಮೇಲೆ ಬೆಣ್ಣೆ ಒಳಗಿಳಿಯುವುದು. ತೊಳೆದ ಮೇಲೆ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ನೀರು ಉಳಿದರೆ ಸಿಗಡಿ ಹುರಿಯುವುದಿಲ್ಲ, ಬೇಯುತ್ತದೆ.

ಇನ್ನು ಬೆಳ್ಳುಳ್ಳಿ. ಅರ್ಧ ಕಿಲೋ ಸಿಗಡಿಗೆ ಎರಡು ಇಡೀ ಗಡ್ಡೆ ಬೇಕು. ಜಾಸ್ತಿ ಆಯ್ತು ಅನ್ನಿಸಬಹುದು, ಆಗಿಲ್ಲ. ನಾಟಿ ಬೆಳ್ಳುಳ್ಳಿಯ ಎಸಳು ತೀರಾ ಸಣ್ಣದಾದರೆ ಮೂರು ಗಡ್ಡೆ ಹಾಕಿ. ಸುಲಿಯುವುದು ಬೇಜಾರಾದರೆ ಎಸಳುಗಳನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿಡಿ, ಸಿಪ್ಪೆ ಜಾರುತ್ತದೆ. ಮಿಕ್ಸಿಗೆ ಮಾತ್ರ ಹಾಕಬೇಡಿ. ಅರೆದದ್ದು ತಳ ಹಿಡಿದು ಬೇಗ ಕಹಿಯಾಗುತ್ತದೆ. ಚಾಕುವಿನಲ್ಲಿ ಸಣ್ಣಗೆ, ಆದಷ್ಟು ಒಂದೇ ಗಾತ್ರಕ್ಕೆ ಹೆಚ್ಚಿ. ದಪ್ಪ ಚೂರು ಬೇಯುವಷ್ಟರಲ್ಲಿ ಸಣ್ಣ ಚೂರು ಕಪ್ಪಾಗಬಾರದು, ಅಲ್ವಾ?

ತಣ್ಣಗಿರುವ ಬಾಣಲೆಗೇ ಎರಡು ಚಮಚ ಎಣ್ಣೆ, ಹೆಚ್ಚಿದ ಬೆಳ್ಳುಳ್ಳಿ, ಸುಮಾರು 80 ಗ್ರಾಂ ಬೆಣ್ಣೆ ಹಾಕಿ ಸಣ್ಣ ಉರಿಯಲ್ಲಿಡಿ. ಒಗ್ಗರಣೆಯ ಹಾಗೆ ಕಾದ ಎಣ್ಣೆಗೆ ಹಾಕುವ ಅಭ್ಯಾಸ ಇಲ್ಲಿ ಬಿಡಬೇಕು. ಎಣ್ಣೆ ಬೆರೆಸಿದರೆ ಬೆಣ್ಣೆ ಸೀಯುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅದನ್ನು ನಂಬಿ ಉರಿ ಏರಿಸಬೇಡಿ. ಸೀಯುವುದು ಬೆಣ್ಣೆಯಲ್ಲಿರುವ ಹಾಲಿನಂಶ, ಎಣ್ಣೆಯಲ್ಲಿದ್ದರೂ ಅದು ಸೀದೇ ಸೀಯುತ್ತದೆ. ತುಪ್ಪ ಹಾಕಿದರೆ ಆ ಹೆದರಿಕೆ ಇಲ್ಲ, ಆದರೆ ರುಚಿ ಬೇರೆಯೇ ಆಗಿ ಕುಂದಾಪುರದ ಕಡೆಗೆ ತಿರುಗಿಬಿಡುತ್ತದೆ. ಎಂಟು ಹತ್ತು ನಿಮಿಷ ಆಗಾಗ ಕೈಯಾಡಿಸಿ. ಬೆಳ್ಳುಳ್ಳಿ ಒಣಹುಲ್ಲಿನ ಬಣ್ಣಕ್ಕೆ ಬಂದ ಕೂಡಲೇ ಬೇರೆ ಬಟ್ಟಲಿಗೆ ಸುರಿಯಿರಿ. ಕೆಂಪಾಗಲಿ ಅಂತ ಕಾಯಬೇಡಿ, ಬಟ್ಟಲಿನ ಬಿಸಿಯಲ್ಲೇ ಇನ್ನಷ್ಟು ಬಣ್ಣ ಏರುತ್ತದೆ.

ಬೆಳ್ಳುಳ್ಳಿ ಮತ್ತು ಸಿಗಡಿಯನ್ನು ಒಟ್ಟಿಗೆ ಹುರಿಯಲೇಬಾರದು. ಒಂದಕ್ಕೆ ನಿಧಾನ ಬೇಕು, ಇನ್ನೊಂದಕ್ಕೆ ಅವಸರ.

ಎರಡು ಚಮಚ ಮೈದಾಕ್ಕೆ ಉಪ್ಪು, ಮೆಣಸಿನ ಪುಡಿ ಬೆರೆಸಿ ಸಿಗಡಿಗೆ ತೆಳ್ಳಗೆ ಸವರಿ. ಅಲ್ಲಿನವರು ಪ್ಯಾಪ್ರಿಕಾ ಹಾಕುತ್ತಾರೆ. ನಮ್ಮಲ್ಲಿ ಬ್ಯಾಡಗಿ ಇರುವಾಗ ಅದನ್ನು ಹುಡುಕಿಕೊಂಡು ಹೋಗುವುದು ಸುಮ್ನೆ ದುಡ್ಡು ದಂಡ. ಬಣ್ಣ ಬರುತ್ತದೆ, ಖಾರ ಮೈಮೇಲೆ ಬರುವುದಿಲ್ಲ. ಉಪ್ಪು ಬೆರೆಸಿದ ಬೆಣ್ಣೆ ತಂದಿದ್ದರೆ ಇಲ್ಲಿ ಉಪ್ಪು ಹಿಡಿದು ಹಾಕಿ. ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಲಿ. ಸ್ವಲ್ಪ ಎಣ್ಣೆ ಬಿಟ್ಟು, ಒಂದಕ್ಕೊಂದು ತಾಗದ ಹಾಗೆ ಜೋಡಿಸಿ. ತುಂಬಿದರೆ ನೀರು ಬಿಡುತ್ತದೆ, ಬೇಕಾದರೆ ಎರಡು ಸಲ ಹುರಿಯಿರಿ. ಒಂದೊಂದು ಮಗ್ಗುಲಿಗೆ ಒಂದೂವರೆ, ಎರಡು ನಿಮಿಷ ಸಾಕು. ಕೊಡೆಯ ಹಿಡಿಯಷ್ಟು ಬಾಗಿದರೆ ಆಯಿತು, ಪೂರ್ತಿ ಸುತ್ತಿಕೊಂಡರೆ ಮೀರಿತು. ಈಗ ಉರಿ ಆರಿಸಿ, ಬಟ್ಟಲಿನ ಬೆಳ್ಳುಳ್ಳಿ ಬೆಣ್ಣೆ ಸುರಿದು ಹೊರಳಿಸಿ. ನಿಂಬೆರಸ ಕೆಳಗಿಳಿಸಿದ ಮೇಲೆ.

ಅಲ್ಲಿ ಗಿಡ್ಡ ಕಾಳಿನ, ಅಂಟು ಅಂಟಾದ ಅನ್ನ ಬಡಿಸುತ್ತಾರೆ. ನಮ್ಮ ಸೋನಾ ಮಸೂರಿಯನ್ನೇ ಸ್ವಲ್ಪ ನೀರು ಹೆಚ್ಚು ಹಾಕಿ ಮೆತ್ತಗೆ ಮಾಡಿ. ಬಾಸ್ಮತಿ ಬೆಣ್ಣೆ ಹಿಡಿಯುವುದಿಲ್ಲ. ಕುಚ್ಚಲಕ್ಕಿ ನನಗೆ ಪ್ರಾಣ, ಆದರೂ ಇದಕ್ಕೆ ಹೊಂದುವುದಿಲ್ಲ. ಹವಾಯಿಯ ಊಟದ ತಟ್ಟೆಗಳಲ್ಲಿ ಮೇಯನೇಸ್ ಹಾಕಿದ ಮ್ಯಾಕರೋನಿ ಸಲಾಡ್ ಕೂಡ ಇರುತ್ತದೆ. ಇಷ್ಟು ಬೆಣ್ಣೆಯ ಜೊತೆ ಅದೂ ಏಕೆ? ಸೌತೆಕಾಯಿ ಹೆಚ್ಚಿಡಿ. ನೆಂಟರಿಗೆ ಬಡಿಸುವ ಮುಂಚೆ ಸಿಗಡಿ ಯಾರಿಗಾದರೂ ಮೈಗೆ ಆಗುವುದಿಲ್ಲವಾ ಅಂತ ಕೇಳಿ. ಸಿಗಡಿಯ ಅಲರ್ಜಿ ಕೆಲವರಲ್ಲಿ ಉಸಿರಾಟಕ್ಕೇ ತೊಂದರೆ ತರುತ್ತದೆ.

ಸಿಗಡಿ ಉಳಿಸಬೇಡಿ, ಮತ್ತೆ ಬಿಸಿ ಮಾಡಿದರೆ ರಬ್ಬರ್. ಉಳಿದ ಬೆಳ್ಳುಳ್ಳಿ ಬೆಣ್ಣೆಯನ್ನು ಮಾತ್ರ ಅವತ್ತೇ ಫ್ರಿಜ್ಜಿಗೆ ಹಾಕಿ, ಮೂರ್ನಾಲ್ಕು ದಿನದೊಳಗೆ ಬಿಸಿ ಅನ್ನಕ್ಕೋ ಬ್ರೆಡ್ಡಿಗೋ ಮುಗಿಸಿ. ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿಯನ್ನು ಹೊರಗಿಟ್ಟರೆ ಬಾಟ್ಯುಲಿಸಂ ಎಂಬ ಕಾಯಿಲೆ ತರುವ ಕೆಟ್ಟ ವಿಷ ಹುಟ್ಟಬಹುದು, ವಾಸನೆಯಿಂದ ಅದು ಗೊತ್ತಾಗುವುದಿಲ್ಲ. ಉಪ್ಪಿನಕಾಯಿ ಭರಣಿಯ ಪಕ್ಕ ಇಡುವ ವಸ್ತು ಅಲ್ಲ ಇದು. ತೆಗೆದಿಟ್ಟ ತಲೆಗಳನ್ನು ಒಂದು ಲೋಟ ನೀರಿನಲ್ಲಿ ಕುದಿಸಿ ಸೋಸಿದರೆ ಮಾರನೆಯ ದಿನದ ಸಾರಿಗಾಯಿತು. ಅದಕ್ಕೆ ಮಸಾಲೆ ಡಬ್ಬಿ ಧಾರಾಳವಾಗಿ ತೆಗೆಯಿರಿ.