1.4.1 ಅಂತ ಬಿಟ್ಟೆ, 2.0.0 ಆಗಬೇಕಿತ್ತು

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡವನ್ನು ಯೂನಿಕೋಡ್‌ಗೆ ತಿರುಗಿಸುವ ಪುಟ್ಟ ಪೈಥಾನ್ ಲೈಬ್ರರಿಯೊಂದನ್ನು (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್) ನಾನು ನೋಡಿಕೊಳ್ಳುತ್ತೇನೆ. ಓಪನ್ ಸೋರ್ಸ್. ಬಳಸುವವರು ಕಮ್ಮಿ, ಆದರೆ ಅವರಿಗೆ ಅದು ದಿನಾ ಬೇಕು.

ಮೊದಲು ಏನೇ ಬದಲಾಯಿಸಿದರೂ ಆವೃತ್ತಿ ಸಂಖ್ಯೆಯ ಕೊನೆಯ ಅಂಕಿಗೆ ಒಂದು ಕೂಡಿಸಿ, ಪೈಥಾನ್ ಲೈಬ್ರರಿಗಳನ್ನು ಹಂಚುವ ತಾಣವಾದ ಪೈಪಿಐಗೆ ಹಾಕಿಬಿಡುತ್ತಿದ್ದೆ. 1.4.1 ಕೂಡ ಹಾಗೇ ಹೋಯಿತು. ಮುಖ್ಯ ಫಂಕ್ಷನ್ ಅಲ್ಲಿಯವರೆಗೆ ಬರೀ ಪಠ್ಯ ಕೊಡುತ್ತಿತ್ತು. ತಿರುಗಿಸಲು ಆಗದ ಚಿಹ್ನೆಗಳ ಪಟ್ಟಿಯನ್ನೂ ಅದರ ಜೊತೆ ಕೊಡುವಂತೆ ಮಾಡಿದ್ದೆ. ಮರುದಿನ ಬೆಳಿಗ್ಗೆ ಪುಸ್ತಕಗಳ ಡಿಟಿಪಿ ಮಾಡುವವರೊಬ್ಬರ ಫೋನ್. "ಸರ್, ನಿನ್ನೆ ತನಕ ಸರಿಯಾಗಿತ್ತು. ರಾತ್ರಿ ಹಾಕಿಟ್ಟ ಫೈಲ್ ಒಂದೂ ಆಗಿಲ್ಲ." 1.4ರ ಒಳಗಿನ ತಿದ್ದುಪಡಿಗಳು ಮಾತ್ರ ತಾನಾಗಿ ಬರಲಿ ಅಂತ ಅವರು ಬರೆದಿಟ್ಟಿದ್ದರು. ನನ್ನ ಕೊನೆಯ ಅಂಕಿಯನ್ನು ನಂಬಿದ್ದರು. ತಪ್ಪು ಪೂರ್ತಿ ನನ್ನದು.

ಆವೃತ್ತಿ ಸಂಖ್ಯೆ ಕೊಡುವ ಪದ್ಧತಿಯಾದ ಸೆಮ್ಯಾಂಟಿಕ್ ವರ್ಷನಿಂಗ್ ಹೇಳುವುದು ಇದನ್ನೇ. ಕೊನೆಯ ಅಂಕಿ ಬಗ್ ತಿದ್ದಿದ್ದಕ್ಕೆ. ನಡುವಿನದು ಹಳೆಯದನ್ನು ಕೆಡಿಸದೆ ಹೊಸದು ಸೇರಿಸಿದ್ದಕ್ಕೆ. ಹಳೆಯ ಕೋಡ್ ಮುರಿಯುವಂತಿದ್ದರೆ ಮೊದಲ ಅಂಕಿಯೇ ಏರಬೇಕು. (ಇವು ದಶಮಾಂಶಗಳಲ್ಲ. 1.9 ಆದ ಮೇಲೆ 1.10 ಬರುತ್ತದೆ.)

ಪೈಪಿಐನಲ್ಲಿ ಒಮ್ಮೆ ಏರಿಸಿದ ಫೈಲನ್ನು ಅಳಿಸಿದರೂ ಅದೇ ಹೆಸರಲ್ಲಿ ಮತ್ತೆ ಹಾಕಲು ಬಿಡುವುದಿಲ್ಲ. ಅದಕ್ಕೇ 1.4.1 ಅನ್ನು ಯಾಂಕ್ ಮಾಡಿದೆ, ಅಂದರೆ ಹಿಂತೆಗೆದದ್ದೆಂದು ಗುರುತು ಹಾಕಿದೆ. ಆಗ ಅದೇ ನಂಬರ್ ಬೇಕೆಂದು ಬರೆದವರಿಗೆ ಸಿಗುತ್ತದೆ, ಉಳಿದವರಿಗೆ ಪಿಪ್ (ಪೈಪಿಐನಿಂದ ಇಳಿಸಿ ಹಾಕುವ ಸಾಧನ) ಅದನ್ನು ಕೊಡುವುದಿಲ್ಲ. ಹಳೆಯ ನಡವಳಿಕೆಯನ್ನೇ 1.4.2 ಆಗಿ ಬಿಟ್ಟೆ. ಬದಲಾವಣೆಯನ್ನು 2.0.0ರ ಮೊದಲ ರಿಲೀಸ್ ಕ್ಯಾಂಡಿಡೇಟ್ (ಅಂತಿಮ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ), ಅಂದರೆ ಆರ್‌ಸಿ1 ಮಾಡಿದೆ.

ಫೈರ್‌ಫಾಕ್ಸ್‌ಗೆ ನೈಟ್ಲಿ, ಬೀಟಾ, ರಿಲೀಸ್, ಇಎಸ್‌ಆರ್ (ದೀರ್ಘಕಾಲ ಬೆಂಬಲವಿರುವುದು) ಅಂತ ಹಲವು ಚಾನೆಲ್, ಅಂದರೆ ಬಿಡುಗಡೆಯ ದಾರಿಗಳು. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಪ್ಯಾಕೇಜ್‌ಗಳು ಸಾಮಾನ್ಯವಾಗಿ ಅನ್‌ಸ್ಟೇಬಲ್‌ನಿಂದ ಟೆಸ್ಟಿಂಗ್ ದಾಟಿ ಸ್ಟೇಬಲ್‌ಗೆ ಬರುತ್ತವೆ. ಒಬ್ಬನೇ ನಡೆಸುವ ಪ್ರಾಜೆಕ್ಟ್‌ಗೆ ಅಷ್ಟು ಬೇಡ, ಎರಡು ಸಾಕು. ಪ್ರೀ-ರಿಲೀಸ್ ಬೇಕೆಂದು ಕೇಳದಿದ್ದರೆ ಪಿಪ್ ಸ್ಟೇಬಲ್ ಇರುವಾಗ ಆರ್‌ಸಿ ಹಾಕುವುದಿಲ್ಲ. ಅದೇ ನನ್ನ ಬೀಟಾ ಚಾನೆಲ್ ಆಯಿತು.

ಅದು ಮೊದಲ ವಾರವೇ ಉಪಯೋಗಕ್ಕೆ ಬಂತು. ನುಡಿಯಲ್ಲಿ ಅರ್ಕಾವತ್ತಿನ ಚಿಹ್ನೆ ಅಕ್ಷರದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಆರ್‌ಸಿ1 ಅದನ್ನು ಇಡೀ ಒತ್ತಕ್ಷರದ ಹಿಂದಕ್ಕೆ ಒಯ್ಯದೆ, ಒತ್ತಿನ ಹಿಂದಕ್ಕಷ್ಟೇ ಒಯ್ಯುತ್ತಿತ್ತು. 'ಅರ್ಘ್ಯ' ಹೋಗಿ 'ಅಘ್ರ್ಯ' ಆಗುತ್ತಿತ್ತು. 'ಸೂರ್ಯ' ಸರಿಯಾಗೇ ಬರುತ್ತಿದ್ದರಿಂದ ನನ್ನ ಟೆಸ್ಟ್‌ಗಳಿಗೆ ಇದು ಸಿಕ್ಕಿರಲಿಲ್ಲ. ಹಳೆಯ ಪೂಜಾವಿಧಿಯ ಪುಸ್ತಕ ತಿರುಗಿಸುತ್ತಿದ್ದವರೊಬ್ಬರು ಹಿಡಿದು ಕಳಿಸಿದರು. ಆರ್‌ಸಿ2ರಲ್ಲಿ ಸರಿಪಡಿಸಿ, ಎರಡು ವಾರ ಕಾದು, 2.0.0 ಬಿಟ್ಟೆ.

ಡಿಟಿಪಿಯವರು ಇನ್ನೂ 1.4ರಲ್ಲೇ ಇದ್ದಾರೆ. ಅದಕ್ಕೊಂದು ಬ್ರಾಂಚ್, ಅಂದರೆ ಕೋಡ್‌ನ ಬೇರೆ ಕವಲು, ಇಟ್ಟುಕೊಂಡಿದ್ದೇನೆ. 'ಅರ್ಘ್ಯ'ದ ತಪ್ಪು ಅಲ್ಲಿ ಇಲ್ಲದ್ದರಿಂದ ತಿದ್ದುಪಡಿ ಬೇಕಾಗಿರಲಿಲ್ಲ, ಆ ಟೆಸ್ಟ್ ಮಾತ್ರ ಸೇರಿಸಿದೆ.