ಚಿಟಿಕೆ ಅಂದರೆ ಎಷ್ಟು ಡಾಕ್ಟ್ರೇ?

ಆ ಅಜ್ಜಿ ಎಲೆಅಡಿಕೆ ಸಂಚಿಯಿಂದ ತೆಗೆದು ತೋರಿಸಿದ್ದು ನನ್ನದೇ ಲೇಖನ. ಪೇಪರಿನಿಂದ ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದರು. ಅಂಚಿಗೆ ಸುಣ್ಣ ಹತ್ತಿತ್ತು. "ನೀವು ಬರೆದ ಹಾಗೇ ಮಾಡಿದ್ದು ಡಾಕ್ಟ್ರೇ" ಅಂದರು. ಅವರ ಹತ್ತು ತಿಂಗಳ ಮೊಮ್ಮಗ ಬೆಡ್ ಮೇಲೆ ಮಂಕಾಗಿ ಮಲಗಿದ್ದ. ಮುಟ್ಟಿದರೆ ಮಾತ್ರ ಕಿರುಚುತ್ತಿದ್ದ. ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, 160 ದಾಟಿತ್ತು. ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ.

2012ರ ಮಳೆಗಾಲ ಅದು. ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಮಕ್ಕಳ ಡಾಕ್ಟರ್. ಊರಿನ ಪತ್ರಿಕೆಗೆ ಬರೆಯಲು ಶುರು ಮಾಡಿ ಆಗಿನ್ನೂ ಎಂಟು ತಿಂಗಳು. ಭೇದಿ ಬಗ್ಗೆ ಬರೆದಿದ್ದೆ. ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪ್ಯಾಕೆಟ್ ಅಂತ ಸರಿಯಾಗೇ ಇತ್ತು. ಅದರ ಕೆಳಗೆ, ಪ್ಯಾಕೆಟ್ ಸಿಗದಿದ್ದರೆ ಸಕ್ಕರೆ ಮತ್ತು 'ಒಂದೆರಡು ಚಿಟಿಕೆ ಉಪ್ಪು' ಹಾಕಿ ಅಂತಲೂ ಬರೆದಿದ್ದೆ.

ಅಜ್ಜಿ ಮನೆಯಲ್ಲಿ ಲೀಟರ್ ಅಂದರೆ ಚೊಂಬು. ಆಮೇಲೆ ಆ ಚೊಂಬನ್ನೇ ತರಿಸಿ ಅಳೆದೆ. ಅರ್ಧ ಲೀಟರೂ ಹಿಡಿಯುತ್ತಿರಲಿಲ್ಲ. ಇನ್ನು ಚಿಟಿಕೆ. ವರ್ಷವರ್ಷವೂ ಮಿಡಿ ಉಪ್ಪಿನಕಾಯಿ ಹಾಕಿ ಪಳಗಿದ ಕೈ ಅದು. ಅವರ ಚಿಟಿಕೆ ನನ್ನ ನಾಲ್ಕು ಚಿಟಿಕೆಗೆ ಸಮ. ಅದೂ ಹೋಗಲಿ, ಪ್ಯಾಕೆಟ್ ಒಳ್ಳೇದು, ಉಪ್ಪು ಸಕ್ಕರೆಯೂ ಒಳ್ಳೇದು ಅಂತ ಎರಡನ್ನೂ ಸೇರಿಸಿಬಿಟ್ಟಿದ್ದರು. ನಾನು ಬರೆದದ್ದರಲ್ಲಿ ಎರಡನ್ನೂ ಹಾಕಬೇಡಿ ಅಂತ ಎಲ್ಲೂ ಇರಲಿಲ್ಲ!

ಓಆರ್‌ಎಸ್ ಕೆಲಸ ಮಾಡುವುದೇ ಅಳತೆಯ ಮೇಲೆ. ಸಕ್ಕರೆ ಮತ್ತು ಉಪ್ಪು ಹದವಾಗಿದ್ದರೆ ಕರುಳು ಎರಡನ್ನೂ ಜೊತೆಗೆ ಒಳಗೆ ಎಳೆದುಕೊಳ್ಳುತ್ತದೆ, ನೀರು ಅವುಗಳ ಹಿಂದೆ ಬರುತ್ತದೆ. ಗಟ್ಟಿಯಾದರೆ ಉಲ್ಟಾ. ಮೈಯಲ್ಲಿರುವ ನೀರೇ ಕರುಳಿಗೆ ಇಳಿಯುತ್ತದೆ, ಭೇದಿ ಜಾಸ್ತಿಯಾಗುತ್ತದೆ, ರಕ್ತದಲ್ಲಿ ಉಪ್ಪು ಏರುತ್ತದೆ. ಏರಿದ್ದನ್ನು ಗಡಿಬಿಡಿಯಲ್ಲಿ ಇಳಿಸುವ ಹಾಗೂ ಇಲ್ಲ, ಮೆದುಳು ಊದಿಕೊಳ್ಳುತ್ತದೆ. ನಾಲ್ಕು ದಿನ ಆ ಮಗುವಿನ ಪಕ್ಕ ಕಳೆದೆ. ಹುಷಾರಾಗಿ ಮನೆಗೆ ಹೋದ. ಅಜ್ಜಿ ನನ್ನ ಮೇಲೆ ಸಿಟ್ಟಾಗಲೇ ಇಲ್ಲ. ಡಿಸ್‌ಚಾರ್ಜ್ ದಿನ ಕೇಳಿದ್ದು ಇಷ್ಟೇ: "ಹಾಗಾದ್ರೆ ಚಿಟಿಕೆ ಅಂದ್ರೆ ಎಷ್ಟು ಡಾಕ್ಟ್ರೇ?"

ಅವತ್ತಿನಿಂದ ನಾನು ಚಿಟಿಕೆ ಅನ್ನುವ ಪದವನ್ನೇ ಬರೆದಿಲ್ಲ. ಲೀಟರ್ ಅಂತ ಬರೆಯುವಾಗ 'ಅಂಗಡಿಯಲ್ಲಿ ಸಿಗುವ ಒಂದು ಲೀಟರ್ ನೀರಿನ ಬಾಟಲಿ' ಅಂತ ಬರೆಯುತ್ತೇನೆ. ಅದು ಎಲ್ಲರ ಮನೆಯಲ್ಲೂ ಒಂದೇ ಅಳತೆ. ಪ್ಯಾಕೆಟ್ಟಿನಲ್ಲೂ ಎರಡು ಥರ ಇದೆ. ಸುಮಾರು 21 ಗ್ರಾಂನ ದೊಡ್ಡದು ಒಂದು ಲೀಟರಿಗೆ, ಚಿಕ್ಕದು 200 ಮಿಲಿಗೆ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ತಲೆ ಸವರಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕಲಸಿದ್ದು 24 ಗಂಟೆ ಆದ ಮೇಲೆ ಚೆಲ್ಲಬೇಕು. ಜೊತೆಗೆ ಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಮುಗಿಸಬೇಕು. ಈ ಕೊನೆಯದನ್ನು ಎಷ್ಟು ಸಲ ಬರೆದರೂ ಮೂರನೇ ದಿನ ನಿಲ್ಲಿಸುವವರೇ ಜಾಸ್ತಿ.

ಅಂಗಡಿಯಲ್ಲಿ ಸಿಗುತ್ತಿದ್ದ, ಓಆರ್‌ಎಸ್ ಅಂತ ಹೆಸರು ಹೊತ್ತ ಸಿಹಿ ಪಾನೀಯಗಳ ಕಾಟ ಬೇರೆ ಇತ್ತು. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ಇದರ ವಿರುದ್ಧ ಎಂಟು ವರ್ಷ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಸರಿಯಾದ ಸೂತ್ರದಲ್ಲಿ ಇಲ್ಲದ ಪಾನೀಯಕ್ಕೆ ಆ ಹೆಸರು ಹಾಕಬಾರದು ಅಂತ ಆದೇಶ ಮಾಡಿತು. ಸುದ್ದಿ ಓದಿದ ರಾತ್ರಿ ನನಗೆ ಆ ಚೊಂಬು ನೆನಪಾಯಿತು.

ಈಗ ನಾನು ಬರೆಯುವ ರೀತಿ ಹೀಗೆ. ಓಪಿಡಿ ಟೇಬಲ್ ಮೇಲೆ ಒಂದು ನೋಟ್‌ಬುಕ್ ಇರುತ್ತದೆ. ಜನ ಆಡಿದ ಮಾತನ್ನು ಅವರದೇ ಪದದಲ್ಲಿ ಗೀಚಿಕೊಳ್ಳುತ್ತೇನೆ. ಉಷ್ಣ ಆಗಿದೆ, ನಂಜು ಏರಿದೆ, ಮಗುವಿಗೆ ದೃಷ್ಟಿ ತಾಗಿದೆ. ರಾತ್ರಿ ಊಟ ಆದ ಮೇಲೆ ಅದರಲ್ಲಿ ಒಂದು ಮಾತು ಹಿಡಿದು ಬರೆಯುತ್ತೇನೆ. ಮಾರನೇ ದಿನ ನಮ್ಮ ಆಸ್ಪತ್ರೆಯ ಆಯಾಗೆ ಓದಿ ಹೇಳುತ್ತೇನೆ. ನಾನು ಅವರನ್ನು ಅಕ್ಕ ಅನ್ನುತ್ತೇನೆ. ನಾಲ್ಕನೇ ಕ್ಲಾಸು ಓದಿದ್ದಾರೆ. "ಅರ್ಥ ಆಯ್ತಾ ಅಕ್ಕ?" ಅಂತ ಕೇಳುವುದಿಲ್ಲ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. "ಈಗ ನಿಮ್ಮ ಮೊಮ್ಮಗಳಿಗೆ ಹೀಗಾದ್ರೆ ಏನು ಮಾಡ್ತೀರಿ, ಹೇಳಿ" ಅನ್ನುತ್ತೇನೆ. ಅವರು ಹೇಳಿದ್ದಕ್ಕೂ ನಾನು ಬರೆದದ್ದಕ್ಕೂ ಎಲ್ಲಿ ತಾಳೆ ಆಗುವುದಿಲ್ಲವೋ ಅಲ್ಲಿ ಮತ್ತೆ ಬರೆಯುತ್ತೇನೆ.

ಪದಗಳ ಜಗಳ ಮಾತ್ರ ಮುಗಿಯುವುದಿಲ್ಲ. ಪಾರ್ಶ್ವವಾಯು ಅಂತ ಬರೆದರೆ ಪೇಪರಿನವರಿಗೆ ಖುಷಿ. ಓದುವವರಿಗೆ ಅದು ಲಕ್ವ. ಡೆಂಗಿ ಬಂದವರೆಲ್ಲ 'ಬಿಳಿ ರಕ್ತಕಣ ಇಳಿದಿದೆ' ಅನ್ನುತ್ತಾರೆ. ಅವರು ಹೇಳುತ್ತಿರುವುದು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಬಗ್ಗೆ, ಬಿಳಿ ರಕ್ತಕಣ ಬೇರೆಯೇ. ಪ್ಲೇಟ್‌ಲೆಟ್‌ಗೆ ಕಿರುಬಿಲ್ಲೆ ಅಂತ ಚಂದದ ಕನ್ನಡ ಪದ ಇದೆ. ಒಂದು ವರ್ಷ ಹಠ ಹಿಡಿದು ಬಳಸಿದೆ. ಒಬ್ಬರೂ ಎತ್ತಿಕೊಳ್ಳಲಿಲ್ಲ. ಈಗ ಸುಮ್ನೆ ಪ್ಲೇಟ್‌ಲೆಟ್ ಅನ್ನುತ್ತೇನೆ.

ಅದೇ ಡೆಂಗಿ ಲೇಖನದಲ್ಲಿ ಇನ್ನೊಂದು ಪೆಟ್ಟು ತಿಂದೆ. ಪಪ್ಪಾಯಿ ಎಲೆಯ ರಸ ನಂಬಿ ಕೂರಬೇಡಿ, ಜ್ವರ ಬಿಟ್ಟ ದಿನವೇ ಹೆಚ್ಚು ಎಚ್ಚರ ಬೇಕು, ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಕ್ಷಣ ಬನ್ನಿ ಅಂತ ಬರೆದಿದ್ದೆ. ಡೆಸ್ಕಿನವರು ಹಾಕಿದ ತಲೆಬರಹ: 'ಡೆಂಗಿಗೆ ಪಪ್ಪಾಯಿ ರಾಮಬಾಣವೇ?' ಪ್ರಶ್ನೆ ಚಿಹ್ನೆಯನ್ನು ಯಾರು ನೋಡುತ್ತಾರೆ? ಆ ವಾರ ಮೂರು ಜನ ರಸ ಕುಡಿಸಿಕೊಂಡೇ ಬಂದರು, "ನೀವೇ ಬರೆದಿದ್ರಲ್ಲ" ಅಂತ. ಈಗ ತಲೆಬರಹ ನಾನೇ ಬರೆದು ಕಳಿಸುತ್ತೇನೆ. ಸುಳ್ಳು ನಂಬಿಕೆಯನ್ನು ಮೊದಲ ಸಾಲಿನಲ್ಲಿ ಹೇಳುವುದೇ ಇಲ್ಲ. ಮಾಡಬೇಕಾದ್ದು ಮೊದಲು.

ಮಂಗನ ಕಾಯಿಲೆಗೆ ಹೆಸರೇ ಶತ್ರು. 1957ರಲ್ಲಿ ಇದು ಮೊದಲು ಪತ್ತೆಯಾದದ್ದು ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಮನುಷ್ಯರಿಗೆ ತರುವುದು ಉಣುಗು, ರಕ್ತ ಹೀರುವ ಪುಟ್ಟ ಹುಳ. ಮಂಗಗಳೂ ಪಾಪ ಅದರಿಂದಲೇ ಸಾಯುತ್ತವೆ. ಆದರೆ ಹೆಸರು ಕೇಳಿದವರು ಮಂಗ ಕಚ್ಚಿದರೆ ಬರುತ್ತದೆ ಅಂದುಕೊಳ್ಳುತ್ತಾರೆ. 'ಉಣುಗಿನ ಜ್ವರ' ಅಂತ ಬರೆದು ನೋಡಿದೆ. ಅದೇನೋ ಹೊಸ ರೋಗ ಅಂದುಕೊಂಡರು! ನಮ್ಮ ತಾಲೂಕಿನ ಅರಳಗೋಡಿನಲ್ಲಿ 2018-19ರಲ್ಲಿ ಸಾವುಗಳಾದಾಗ ಊರೂರಿಗೆ ಹೋಗಿ ಮಾತಾಡಿದೆವು. ಕಾಡಿಗೆ ಹೋಗಬೇಡಿ ಅಂದೆ. ಹಿಂದೆ ಕೂತಿದ್ದ ಹಿರಿಯರೊಬ್ಬರು ಎದ್ದರು. "ನಮ್ಮನೆಯೇ ಕಾಡಲ್ಲಿದೆ ಡಾಕ್ಟ್ರೇ. ಎಲ್ಲಿಗೆ ಹೋಗಬಾರದು ಹೇಳಿ." ಜನ ನಕ್ಕರು, ನಾನೂ ನಕ್ಕೆ. ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಗೆ ದರಗು, ಅಂದರೆ ಒಣಗಿದ ಎಲೆ ಬೇಕು. ಸೊಪ್ಪಿನ ಬೆಟ್ಟಕ್ಕೆ ಹೋಗದೆ ಇಲ್ಲಿ ಬದುಕು ನಡೆಯುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಇಲಾಖೆಯ ಕರಪತ್ರದ ಸಾಲನ್ನೇ ಒಪ್ಪಿಸಿದ್ದೆ. ಮುಂದಿನ ಊರಿನಿಂದ ಮಾತು ಬದಲಾಯಿಸಿದೆ. ಮಂಗ ಸತ್ತ ಜಾಗಕ್ಕೆ ಹೋಗಬೇಡಿ, ತಕ್ಷಣ ಆರೋಗ್ಯ ಕೇಂದ್ರಕ್ಕೆ ಹೇಳಿ. ಬೇರೆ ಕಡೆ ಹೋಗುವಾಗ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿ. ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಹಳೇ ಲಸಿಕೆಯೂ 2022ರಲ್ಲಿ ನಿಂತ ಮೇಲೆ ಈ ಮಾತುಗಳ ತೂಕ ಇನ್ನೂ ಜಾಸ್ತಿಯಾಯಿತು.

ಭದ್ರಾವತಿ ಆಕಾಶವಾಣಿಯಲ್ಲಿ ಮಾತಾಡಿದ ಮೇಲೆ ಫೋನುಗಳು ಹೆಚ್ಚಾದವು. ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಮಸುಕು ಮಸುಕಾದ ರಿಪೋರ್ಟು, ಕೆಳಗೆ 'ನೋಡಿ ಹೇಳಿ ಸರ್'. ಮೊದಮೊದಲು ಉಬ್ಬಿಹೋಗಿ ಎರಡು ಸಾಲು ಉತ್ತರ ಹಾಕುತ್ತಿದ್ದೆ. ಮಗುವಿನ ಮುಖ ನೋಡದೆ ಔಷಧಿ ಹೇಳುವುದು ಕೆಟ್ಟ ಚಟ. 2020ರ ಮಾರ್ಚಿನಲ್ಲಿ ಟೆಲಿಮೆಡಿಸಿನ್, ಅಂದರೆ ದೂರದಿಂದಲೇ ಚಿಕಿತ್ಸೆ ಹೇಳುವುದರ ನಿಯಮ ಬಂದಾಗ ಅದನ್ನೇ ನೆಪ ಮಾಡಿಕೊಂಡು ಬಿಟ್ಟೆ. ಲೇಖನ ಎಲ್ಲರಿಗೆ, ಔಷಧಿ ಎದುರು ಕೂತವರಿಗೆ. ಕೆಲವರಿಗೆ ಬೇಜಾರಾಗಿದೆ, ದುಡ್ಡಿಗೆ ಅಂತಲೂ ಅಂದಿದ್ದಾರೆ. ಇರಲಿ. ಪ್ರೋಟೀನ್ ಪುಡಿಯ ಕಂಪನಿಯೊಂದು ಲೇಖನದ ಕೊನೆಯಲ್ಲಿ ನಮ್ಮ ಹೆಸರು ಸೇರಿಸಿ ಅಂತ ಬಂದಾಗ ಟೀ ಕೊಟ್ಟು ಕಳಿಸಿದ್ದೂ ಇದೆ.

ಈ ವಾರ ಹಾವು ಕಡಿತದ ಬಗ್ಗೆ ಬರೆಯುತ್ತಿದ್ದೇನೆ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕು. ಬಿಗಿಯಾಗಿ ಕಟ್ಟು ಹಾಕಬೇಡಿ, ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ ಅಂತ ಶುರು ಮಾಡಿದ್ದೆ. ಅಕ್ಕ ಕೇಳಿಸಿಕೊಂಡು, "ಎಲ್ಲಾ ಬೇಡ ಬೇಡ ಅಂದ್ರೆ ಮತ್ತೆ ಕೈ ಕಟ್ಟಿ ಕೂರೋದಾ? ಏನಾದ್ರೂ ಕೆಲಸ ಕೊಡಿ" ಅಂದರು. ಸರಿ ಅಂತ ತಿರುಗಿಸಿ ಬರೆದೆ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಮೂಳೆ ಮುರಿದವರಿಗೆ ಮಾಡುವ ಹಾಗೆ ಕೋಲು ಇಟ್ಟು ಕೈಕಾಲು ಅಲ್ಲಾಡದಂತೆ ಮಾಡಿ. ಕಡಿಸಿಕೊಂಡವರನ್ನು ನಡೆಸಬೇಡಿ, ಗಾಡಿ ಹತ್ತಿಸಿ.

"ಗಾಡಿ ಬರೋ ರಸ್ತೆ ಇಲ್ದಿದ್ರೆ?" ಅಂದರು. ಅವರ ಊರಿಗೆ ಮಳೆಗಾಲದಲ್ಲಿ ರಸ್ತೆ ಇರುವುದಿಲ್ಲ. ಕಂಬಳಿಯಲ್ಲಿ ಹೊತ್ತು ತರುವುದು ಹೇಗೆ, ಎಷ್ಟು ಜನ ಬೇಕು, ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟುವಾಗ ಏನು ಮಾಡುತ್ತಾರೆ ಅಂತ ಅವರ ಹತ್ತಿರವೇ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಲೇಖನ ಶುಕ್ರವಾರದೊಳಗೆ ಹೋಗಬೇಕು. ನಾನಿನ್ನೂ ಎರಡನೇ ಪ್ಯಾರಾದಲ್ಲೇ ಇದ್ದೇನೆ.