ಬೇಕಾದ ಬಣ್ಣದ ಲವ್ ಬರ್ಡ್ ಮರಿ ಪಡೆಯಲು ಜೋಡಿ ಕಟ್ಟುವ ಕ್ರಮ

ತುಮಕೂರಿನಲ್ಲಿ ಅಂಗಡಿಗೆ ಹೋಗಿ ‘ಲವ್ ಬರ್ಡ್ಸ್ ಇವೆಯೇ’ ಎಂದು ಕೇಳಿದರೆ ಸಾಮಾನ್ಯವಾಗಿ ತೋರಿಸುವುದು ಆಸ್ಟ್ರೇಲಿಯಾ ಮೂಲದ ಬಡ್ಜಿಗಳನ್ನು. ಇಲ್ಲಿ ಹೇಳಹೊರಟಿರುವುದು ಅವುಗಳ ವಿಷಯವಲ್ಲ. ‘ಆಫ್ರಿಕನ್ ಲವ್ ಬರ್ಡ್’ ಎಂದು ಕರೆಯುವ, ಗಿಡ್ಡ ಬಾಲದ, ದಪ್ಪ ಕೊಕ್ಕಿನ ಅಗಪಾರ್ನಿಸ್ ಕುಲದ ಹಕ್ಕಿಗಳ ವಿಷಯ. ಈ ಕುಲದಲ್ಲಿ ಒಂಬತ್ತು ಜಾತಿಗಳಿದ್ದರೂ ಸಾಕುವವರ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಮೂರೇ: ನಮೀಬಿಯಾ ಸುತ್ತಲಿನ ಒಣನಾಡಿನಿಂದ ಬಂದ ಗುಲಾಬಿ ಮುಖದ ರೋಸಿಕಾಲಿಸ್, ಮತ್ತು ಕಣ್ಣಿನ ಸುತ್ತ ಬಿಳಿ ಬಳೆಯಿರುವ ಫಿಶರಿ ಹಾಗೂ ಪರ್ಸೊನೇಟಸ್. ಹೊಸಬರು ರೋಸಿಕಾಲಿಸ್‌ನಿಂದಲೇ ಆರಂಭಿಸುವುದು ಮೇಲು, ಅದಕ್ಕೆ ಕಾನೂನಿನ ಕಾರಣವೂ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಾಲ್ಕನೆಯ ಅನುಸೂಚಿಯಲ್ಲಿ ಫಿಶರಿ, ಪರ್ಸೊನೇಟಸ್ ಸೇರಿರುವುದರಿಂದ ಅವನ್ನು ಸಾಕುವವರು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ರೋಸಿಕಾಲಿಸ್‌ಗೆ ಆ ಪಟ್ಟಿಯಿಂದ ವಿನಾಯಿತಿ ಇದೆ.

ಈ ಮೂರನ್ನು ಒಂದೇ ಪಂಜರದಲ್ಲಿ ಬೆರೆಸಬಾರದು. ರೋಸಿಕಾಲಿಸ್ ಮತ್ತು ಬಿಳಿ ಬಳೆಯ ಜಾತಿಗಳ ಬೆರಕೆಯಲ್ಲಿ ಹುಟ್ಟುವ ಮರಿಗಳು ಬಂಜೆಯಾಗುತ್ತವೆ. ಫಿಶರಿ ಮತ್ತು ಪರ್ಸೊನೇಟಸ್ ಬೆರೆತರೆ ಮರಿಗಳು ಮುಂದೆ ಸಂತಾನ ಕೊಡುತ್ತವೆ, ನಿಜವಾದ ಹಾನಿ ಇರುವುದು ಅಲ್ಲಿಯೇ. ಎರಡು ತಲೆಮಾರು ಕಳೆದ ಮೇಲೆ ಕೈಯಲ್ಲಿರುವ ಹಕ್ಕಿ ಯಾವ ಜಾತಿಯದೆಂದು ಯಾರಿಗೂ ಹೇಳಲಾಗದು.

ಕಾಡಿನ ಮೂಲ ಬಣ್ಣ ಹಸಿರು. ಉಳಿದ ಬಣ್ಣಗಳು ವಂಶವಾಹಿಯಲ್ಲಿ ಆದ ಬದಲಾವಣೆಗಳು, ಅಂದರೆ ಮ್ಯುಟೇಶನ್‌ಗಳು, ಮತ್ತು ಅವು ಮರಿಗೆ ಇಳಿಯುವ ದಾರಿ ಮೂರು ಬಗೆಯದು. ಸುಪ್ತ ಬಣ್ಣ ಕಾಣಬೇಕಾದರೆ ತಂದೆಯಿಂದಲೂ ತಾಯಿಯಿಂದಲೂ ಒಂದೊಂದು ಪ್ರತಿ ಬರಬೇಕು. ಒಂದೇ ಪ್ರತಿಯಿದ್ದ ಹಕ್ಕಿ ನೋಡಲು ಹಸಿರಾಗಿಯೇ ಇದ್ದು ಬಣ್ಣವನ್ನು ಒಳಗೆ ಹೊತ್ತಿರುತ್ತದೆ, ಅದನ್ನೇ ಸಾಕುವವರು ‘ಸ್ಪ್ಲಿಟ್’ ಎನ್ನುತ್ತಾರೆ. ರೋಸಿಕಾಲಿಸ್‌ನ ಆಕ್ವಾ ಮತ್ತು ಟರ್ಕಾಯ್ಸ್ ಈ ಬಗೆಯವು. ಅಂಗಡಿಯಲ್ಲಿ ಇವನ್ನೇ ‘ಬ್ಲೂ’ ಎಂದು ಮಾರುತ್ತಾರಾದರೂ ಅಪ್ಪಟ ನೀಲಿ ಇರುವುದು ಬಿಳಿ ಬಳೆಯ ಜಾತಿಗಳಲ್ಲಿ ಮಾತ್ರ. ಡಾರ್ಕ್ ಎಂಬುದು ಅರೆಪ್ರಬಲ: ಒಂದು ಪ್ರತಿಯಿದ್ದರೆ ಗಾಢ ಹಸಿರು, ಎರಡಿದ್ದರೆ ಆಲಿವ್, ಇದರಲ್ಲಿ ಸ್ಪ್ಲಿಟ್ ಎಂಬುದೇ ಇಲ್ಲ, ಇದ್ದುದು ಕಣ್ಣಿಗೆ ಕಾಣುತ್ತದೆ.

ಮೂರನೆಯದು ಲಿಂಗಕ್ಕೆ ಅಂಟಿದ ಬಗೆ. ಇದನ್ನು ಸರಿಯಾಗಿ ತಿಳಿದುಕೊಂಡವರಿಗೆ ಅರ್ಧ ಕೆಲಸ ಮುಗಿದಂತೆ. ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್ ವರ್ಣತಂತುಗಳಿದ್ದರೆ ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯು. ಓಪಲೈನ್ (ಮುಖದ ಕೆಂಪು ಇಡೀ ತಲೆಗೆ ಹರಡಿದ ಬಗೆ), ಸಿನಮನ್ (ಕಂದು ಛಾಯೆಯದು) ಮತ್ತು ರೋಸಿಕಾಲಿಸ್‌ನ ಲುಟಿನೊ (ಕೆಂಪು ಕಣ್ಣಿನ ಹಳದಿ) ಝಡ್ ಮೇಲೆ ಕುಳಿತಿರುವುದರಿಂದ ಹೆಣ್ಣಿನಲ್ಲಿ ಅವು ಅಡಗಲಾರವು. ಇದ್ದರೆ ಕಾಣುತ್ತವೆ, ಕಾಣದಿದ್ದರೆ ಇಲ್ಲ. ಹೀಗಾಗಿ ‘ಓಪಲೈನ್ ಸ್ಪ್ಲಿಟ್ ಹೆಣ್ಣು’ ಎಂದು ಯಾರಾದರೂ ಹೆಚ್ಚಿನ ಬೆಲೆ ಕೇಳಿದರೆ ಅಲ್ಲಿಂದ ಸುಮ್ಮನೆ ಎದ್ದು ಬರಬಹುದು. ಓಪಲೈನ್ ಗಂಡನ್ನು ಹಸಿರು ಹೆಣ್ಣಿನೊಂದಿಗೆ ಕಟ್ಟಿದರೆ ಹುಟ್ಟುವ ಹೆಣ್ಣುಗಳೆಲ್ಲ ಓಪಲೈನ್, ಗಂಡುಗಳೆಲ್ಲ ಹಸಿರು ಸ್ಪ್ಲಿಟ್. ಗರಿ ಬಂದ ಕೂಡಲೇ ಮರಿಯ ಲಿಂಗವನ್ನೂ ಹೇಳಬಹುದು. ಅದನ್ನೇ ತಿರುಗಿಸಿ ಅಪ್ಪಟ ಹಸಿರು ಗಂಡಿಗೆ ಓಪಲೈನ್ ಹೆಣ್ಣನ್ನು ಕೊಟ್ಟರೆ ಮೊದಲ ತಲೆಮಾರಿನಲ್ಲಿ ಒಂದೂ ಓಪಲೈನ್ ಮರಿ ಕಾಣದು. ಹೆಸರು ಒಂದೇ ಆದರೂ ಲೆಕ್ಕ ಬೇರೆಯಾಗುವ ಸಂದರ್ಭವೂ ಉಂಟು: ಫಿಶರಿಯಲ್ಲಿ ಕಾಣುವ ಲುಟಿನೊ ಲಿಂಗಕ್ಕೆ ಅಂಟಿದ್ದಲ್ಲ, ಅದು ಸಾಮಾನ್ಯ ಸುಪ್ತ ಬಣ್ಣ.

ಒಂದು ಉದಾಹರಣೆಯನ್ನು ಕೊನೆಯವರೆಗೆ ನೋಡೋಣ. ಗುರಿ ಟರ್ಕಾಯ್ಸ್ ಓಪಲೈನ್ ಎಂದಿಟ್ಟುಕೊಳ್ಳಿ. ಹಸಿರು ಓಪಲೈನ್‌ನಲ್ಲಿ ಮುಖದ ಕೆಂಪು ಇಡೀ ತಲೆಗೆ ಹರಡಿ, ಬೆನ್ನಿನ ಕೆಳಭಾಗದ ನೀಲಿ ಹೋಗಿ ಮೈಬಣ್ಣವೇ ಬರುತ್ತದೆ. ಟರ್ಕಾಯ್ಸ್ ಸೇರಿದಾಗ ಆ ಕೆಂಪು ಮಾಸಿ ತಲೆ ಬಿಳಿಚಿಕೊಳ್ಳುತ್ತದೆ. ಮೊದಲ ವರ್ಷ ಹಸಿರು ಓಪಲೈನ್ ಗಂಡಿಗೆ ಟರ್ಕಾಯ್ಸ್ ಹೆಣ್ಣನ್ನು ಕಟ್ಟಬೇಕು. ಮರಿಗಳಲ್ಲಿ ಹೆಣ್ಣೆಲ್ಲ ಟರ್ಕಾಯ್ಸ್ ಸ್ಪ್ಲಿಟ್ ಇರುವ ಓಪಲೈನ್, ಗಂಡೆಲ್ಲ ಎರಡಕ್ಕೂ ಸ್ಪ್ಲಿಟ್. ಇಂತಹ ಜೋಡಿಯನ್ನು ಒಂದಲ್ಲ, ರಕ್ತಸಂಬಂಧವಿಲ್ಲದ ಎರಡನ್ನು ಬೇರೆ ಬೇರೆ ಪಂಜರದಲ್ಲಿ ಕಟ್ಟಿಕೊಂಡರೆ ಎರಡನೆಯ ವರ್ಷ ಅಣ್ಣ ತಂಗಿಯರನ್ನು ಕೂಡಿಸುವ ಪ್ರಮೇಯ ಬರುವುದಿಲ್ಲ. ಒಂದು ಮನೆಯ ಹೆಣ್ಣನ್ನು ಇನ್ನೊಂದು ಮನೆಯ ಗಂಡಿಗೆ ಕೊಟ್ಟರಾಯಿತು. ಆಗ ಟರ್ಕಾಯ್ಸ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಓಪಲೈನ್ ಬರುವುದು ಎರಡರಲ್ಲಿ ಒಂದು, ಎರಡೂ ಕೂಡುವುದು ಎಂಟರಲ್ಲಿ ಒಂದು. ಎಂಟು ಮರಿಯಾದರೆ ಒಂದು ಸಿಕ್ಕೇ ಸಿಗುತ್ತದೆ ಎಂದು ಇದರ ಅರ್ಥವಲ್ಲ. ಪ್ರತಿ ಮರಿಗೂ ಲೆಕ್ಕ ಹೊಸದಾಗಿ ಆರಂಭವಾಗುವುದರಿಂದ ಎಂಟು ಮರಿಗಳಲ್ಲಿ ಒಂದೂ ಬಾರದಿರುವ ಸಾಧ್ಯತೆ ಸುಮಾರು ಮೂರರಲ್ಲಿ ಒಂದರಷ್ಟಿದೆ. ಇದನ್ನು ಮೊದಲೇ ತಿಳಿದಿದ್ದರೆ ಎರಡನೆಯ ಗೂಡಿನ ಹೊತ್ತಿಗೆ ಬೇಸತ್ತು ಜೋಡಿಯನ್ನು ಮಾರಿಬಿಡುವುದು ತಪ್ಪುತ್ತದೆ.

ಕಾಗದದ ಮೇಲಿನ ಲೆಕ್ಕಕ್ಕೆ ಮೊದಲು ಕೈಯಲ್ಲಿರುವುದು ನಿಜವಾಗಿ ಜೋಡಿಯೇ ಎಂಬುದು ಖಚಿತವಾಗಬೇಕು. ಈ ಮೂರೂ ಜಾತಿಗಳಲ್ಲಿ ಗಂಡು ಹೆಣ್ಣು ಒಂದೇ ರೀತಿ ಕಾಣುತ್ತವೆ. ನಾನು ಮೊದಲು ತಂದ ‘ಗ್ಯಾರಂಟಿ ಜೋಡಿ’ ಒಂದೇ ಗೂಡಿನಲ್ಲಿ ಒಂಬತ್ತು ಮೊಟ್ಟೆಯಿಟ್ಟಾಗ ಮನೆಯವರೆಲ್ಲ ಸಂಭ್ರಮಿಸಿದರು; ಸಾಮಾನ್ಯವಾಗಿ ನಾಲ್ಕರಿಂದ ಆರು ಮೊಟ್ಟೆಯಿಡುವ ಹಕ್ಕಿ ಅಷ್ಟನ್ನು ಇಟ್ಟಿದೆಯೆಂದರೆ ಎರಡೂ ಹೆಣ್ಣೆಂದು ಆಗ ಹೊಳೆಯಲಿಲ್ಲ. ಕೆಲವು ಗರಿಗಳನ್ನು ಕಳುಹಿಸಿ ಡಿಎನ್ಎ ಪರೀಕ್ಷೆ ಮಾಡಿಸುವುದು ಕಳೆದುಹೋಗುವ ಒಂದು ಋತುವಿಗಿಂತ ಅಗ್ಗ.

ಹಕ್ಕಿಗೆ ಒಂದು ವರ್ಷ ತುಂಬುವ ತನಕ ಗೂಡುಪೆಟ್ಟಿಗೆ ಇಡಬಾರದು. ಎಳೆಯ ಹೆಣ್ಣಿಗೆ ಮೊಟ್ಟೆ ಸಿಕ್ಕಿಕೊಂಡು ಪ್ರಾಣವೇ ಹೋಗಬಹುದು. ಎರಡು ಅಡಿ ಉದ್ದದ ಪಂಜರಕ್ಕೆ ಒಂದೇ ಜೋಡಿ. ಗುಂಪಿನಲ್ಲಿ ಬಿಟ್ಟರೆ ಜಗಳದಲ್ಲಿ ಕಾಲ್ಬೆರಳು ಹೋಗುವುದಲ್ಲದೆ ಮರಿಯ ತಂದೆ ಯಾರೆಂಬುದೂ ತಿಳಿಯದು, ಬಣ್ಣಕ್ಕಾಗಿ ಸಾಕುವವನಿಗೆ ಅಲ್ಲಿಗೆ ಎಲ್ಲವೂ ಮುಗಿಯಿತು. ನವಣೆ, ಸಾಮೆ, ಸಜ್ಜೆ ನಮ್ಮ ಬಯಲುಸೀಮೆಯಲ್ಲಿ ಸುಲಭವಾಗಿ ದೊರೆಯುತ್ತವೆ. ಅವುಗಳೊಂದಿಗೆ ಮೊಳಕೆ ಹೆಸರುಕಾಳು, ನುಗ್ಗೆಸೊಪ್ಪು, ಬೇಯಿಸಿದ ಮೊಟ್ಟೆ, ಸುಣ್ಣದಂಶಕ್ಕೆ ಕಪ್ಪೆಬೊಂಡಾಸ್ (ಕಟಲ್ ಫಿಶ್) ಮೂಳೆ ಇರಲಿ. ಸೂರ್ಯಕಾಂತಿ ಬೀಜ ಸ್ವಲ್ಪ ಮಾತ್ರ.

ರೋಸಿಕಾಲಿಸ್ ಹೆಣ್ಣು ತೆಂಗಿನ ಗರಿಯನ್ನು ಉದ್ದುದ್ದಕ್ಕೆ ಕೊಕ್ಕಿನಿಂದ ಸೀಳಿ, ಆ ಸೀಳನ್ನು ಸೊಂಟದ ಪುಕ್ಕದೊಳಗೆ ಸಿಕ್ಕಿಸಿಕೊಂಡು ಗೂಡಿಗೆ ಒಯ್ಯುವುದನ್ನು ನೋಡುವುದೇ ಒಂದು ಖುಷಿ. ಗುಬ್ಬಿ, ತಿಪಟೂರು ಕಡೆಯವರಿಗೆ ಹಸಿ ತೆಂಗಿನ ಗರಿಗೆ ಬರವಿಲ್ಲ. ಮುಸುಕಿನ ಜೋಳದ ಸಿಪ್ಪೆಯೂ ಆಗುತ್ತದೆ. ಹಸಿಯಾಗಿರುವುದು ಮುಖ್ಯ, ಏಕೆಂದರೆ ಅದರ ತೇವವೇ ಮೊಟ್ಟೆಯ ಒಳಪೊರೆ ಒಣಗದಂತೆ ಕಾಯುತ್ತದೆ. ನಮ್ಮಲ್ಲಿ ಮಾರ್ಚ್‌ನಿಂದ ಮೇವರೆಗಿನ ಒಣಗಾಳಿಗೆ ಪೂರ್ತಿ ಬೆಳೆದ ಮರಿಗಳೂ ಚಿಪ್ಪು ಒಡೆಯಲಾಗದೆ ಒಳಗೇ ಸಾಯುತ್ತವೆ. ಆದ್ದರಿಂದ ಮುಂಗಾರು ಹಿಡಿದ ಮೇಲೆ ಪೆಟ್ಟಿಗೆ ಕಟ್ಟಿ, ಶಿವರಾತ್ರಿಯ ಹೊತ್ತಿಗೆ ಬಿಚ್ಚಿಬಿಡುತ್ತೇನೆ. ವರ್ಷಕ್ಕೆ ಎರಡು ಗೂಡು ಸಾಕು. ಸ್ನಾನಕ್ಕೆ ಅಗಲವಾದ ನೀರಿನ ತಟ್ಟೆಯಿದ್ದರೆ ಹೆಣ್ಣು ಎದೆ ನೆನೆಸಿಕೊಂಡು ಬಂದು ಕಾವು ಕೂರುತ್ತದೆ.

ಮೊಟ್ಟೆಗಳು ದಿನ ಬಿಟ್ಟು ದಿನ ಬೀಳುತ್ತವೆ, ಕಾವು ಸುಮಾರು 21ರಿಂದ 23 ದಿನ. ಒಂದು ವಾರದ ಬಳಿಕ ಟಾರ್ಚ್ ಹಿಡಿದು ನೋಡಿದರೆ ಫಲಿತ ಮೊಟ್ಟೆಯಲ್ಲಿ ಕೆಂಪು ನರಗಳು ಕಾಣುತ್ತವೆ. ಲುಟಿನೊ ಮರಿಯನ್ನು ಹುಟ್ಟಿದ ದಿನವೇ ಗುರುತಿಸಬಹುದು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಕಪ್ಪಗಿರದೆ ಕೆಂಪಗಿರುತ್ತದೆ. ಹತ್ತನೆಯ ದಿನದ ಸುಮಾರಿಗೆ ಕಾಲಿಗೆ ಸಂಖ್ಯೆಯುಳ್ಳ ಮುಚ್ಚಿದ ರಿಂಗ್ ಹಾಕಬೇಕು, ತಡವಾದರೆ ಪಾದ ಹಿಗ್ಗಿ ಅದು ತೂರದು. ರಿಂಗ್ ಸಂಖ್ಯೆ, ತಂದೆ ತಾಯಿಯ ಸಂಖ್ಯೆ, ಹುಟ್ಟಿದ ದಿನ, ಕಂಡ ಬಣ್ಣ, ಒಳಗಿರಬಹುದಾದ ಬಣ್ಣ, ಇಷ್ಟನ್ನು ಅಂದೇ ಪುಸ್ತಕದಲ್ಲಿ ಬರೆಯಬೇಕು. ಸುಮಾರು ಆರು ವಾರಕ್ಕೆ ಮರಿ ಪೆಟ್ಟಿಗೆಯಿಂದ ಹೊರಬರುತ್ತದೆ, ಇನ್ನೆರಡು ವಾರ ತಂದೆ ಗುಟುಕು ಕೊಡುತ್ತದೆ, ಅಲ್ಲಿಯವರೆಗೆ ಬೇರ್ಪಡಿಸಬಾರದು.

ಬಣ್ಣದ ಮೇಲೆ ಬಣ್ಣವನ್ನೇ ಕಟ್ಟುತ್ತಾ ಹೋದರೆ ಸಾಮಾನ್ಯವಾಗಿ ಹತ್ತಿರದ ರಕ್ತವೇ ಮತ್ತೆ ಮತ್ತೆ ಕೂಡಿ, ಹಕ್ಕಿ ಸಣ್ಣದಾಗುತ್ತದೆ, ಮರಿಗಳು ನಿಲ್ಲುವುದಿಲ್ಲ. ಹೀಗಾಗಿ ಎರಡು ಮೂರು ತಲೆಮಾರಿಗೊಮ್ಮೆ ದಪ್ಪ ತಲೆಯ, ಗಟ್ಟಿಮುಟ್ಟಾದ ಸಾದಾ ಹಸಿರು ಹಕ್ಕಿಯೊಂದನ್ನು ಹೊರಗಿನಿಂದ ತರಬೇಕು. ಕೊಳ್ಳಲು ಬರುವವರು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ನನ್ನ ಪಾಲಿಗೆ ಮಾತ್ರ ಪಂಜರದ ಬಂಡವಾಳ ಅದೇ.

ಟರ್ಕಾಯ್ಸ್ ಸ್ಪ್ಲಿಟ್ ಆದ ಎರಡು ಹಕ್ಕಿಗಳ ಹಸಿರು ಮರಿಗಳನ್ನು ಮಾರುವಾಗ ‘ಸ್ಪ್ಲಿಟ್’ ಎಂದು ಬರೆದುಕೊಡುವಂತಿಲ್ಲ. ಅವುಗಳಲ್ಲಿ ಮೂರಕ್ಕೆ ಎರಡು ಸ್ಪ್ಲಿಟ್, ಒಂದು ಅಪ್ಪಟ ಹಸಿರು, ಯಾವುದು ಯಾವುದೆಂದು ಕಣ್ಣಿಗೆ ತಿಳಿಯದು. ಅನುಮಾನವಿರುವ ಹಕ್ಕಿಯನ್ನು ಆ ಬಣ್ಣ ಕಾಣುವ ಹಕ್ಕಿಯೊಂದಿಗೆ ಕಟ್ಟಿ ನೋಡಬಹುದು. ಒಂದೇ ಒಂದು ಟರ್ಕಾಯ್ಸ್ ಮರಿ ಬಂದರೂ ಸ್ಪ್ಲಿಟ್ ಎಂಬುದು ಸಿದ್ಧವಾಯಿತು. ಸ್ಪ್ಲಿಟ್ ಆಗಿದ್ದೂ ಆರಕ್ಕೆ ಆರು ಮರಿ ಹಸಿರಾಗುವುದು 64ರಲ್ಲಿ ಒಂದು ಸಲವಾದ್ದರಿಂದ, ಹಾಗೆ ಆದಾಗ ನಾನು ಪುಸ್ತಕದಲ್ಲಿ ‘ಸ್ಪ್ಲಿಟ್ ಇರಬಹುದು’ ಎಂಬುದನ್ನು ಹೊಡೆದುಹಾಕಿ ‘ಹಸಿರು’ ಎಂದಷ್ಟೇ ಬರೆಯುತ್ತೇನೆ.